ಮೀಸೆ ಟ್ರಿಮ್ ಮಾಡಿಸಿಕೊಳ್ಳದ ಚಿರತೆ

"ಇವತ್ತೂ ಚಿರತೆ ಕಾಣ್ಲಿಲ್ಲ ಅಂದ್ರೆ ನಾನು ಊರಿಗೇ ಬರಲ್ಲ ಕಣೇ," ಎಂದ ಕ್ಷೌರಿಕ, ಎಡಗಾಲಿನ ಶೂವನ್ನು ಬಲಗಾಲಿಗೆ ತುರುಕುತ್ತ.

"ಬರ್ಬೇಡಿ. ಮೊದ್ಲು ಶೂ ಸರಿಯಾಗಿ ಹಾಕ್ಕೊಳ್ಳಿ," ಎಂದಳು ಹೆಂಡತಿ ಹೊದಿಕೆಯೊಳಗಿಂದಲೇ.

ರಾಷ್ಟ್ರೀಯ ಉದ್ಯಾನದ ನಟ್ಟನಡುವಿನ ಆ ಲಾಡ್ಜಿಗೆ ಬಂದು ಮೂರು ದಿನವಾಗಿತ್ತು. ಒಂದು ಬೆಂಕಿಪೊಟ್ಟಣ ಬೇಕೆಂದರೂ ಜೀಪಿನಲ್ಲಿ ಎರಡು ಗಂಟೆ ಹೋಗಬೇಕು. ಕ್ಷೌರಿಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ವರಾಂಡದಲ್ಲಿ ಅವನು ಎಷ್ಟು ಓಡಾಡಿದನೆಂದರೆ, ಹಲಗೆ ಸವೆದು ಕೆಳಗಿನ ಗೆದ್ದಲುಗಳಿಗೆ ಬಿಸಿಲು ತಾಗತೊಡಗಿತು ಎಂದು ಲಾಡ್ಜಿನ ಅಡುಗೆಯವನು ಈಗಲೂ ಆಣೆ ಮಾಡುತ್ತಾನೆ.

ಕಾರಣವಿತ್ತು. ಐದು ವರ್ಷದ ಹಿಂದೆ ಇಲ್ಲಿಗೆ ಒಬ್ಬನೇ ಬಂದಿದ್ದಾಗ ಅವನು ಜೀಪಿನಲ್ಲಿ ನಿದ್ದೆ ಹೊಡೆದಿದ್ದ. ಊರಿಗೆ ಹೋಗಿ ಚಿರತೆ ನೋಡಿದೆ ಎಂದ. ಮೊದಲು ಆ ಚಿರತೆ ದೂರದಲ್ಲಿತ್ತು. ಒಂದೊಂದು ಕಟಿಂಗಿಗೂ ಒಂದೊಂದು ಗಜ ಹತ್ತಿರ ಬಂತು. ಮೂರನೆಯ ವರ್ಷ ಬಾನೆಟ್ ಮೇಲೆ ಕೂತಿತು. ಕಳೆದ ತಿಂಗಳು ಮೇಷ್ಟರ ಗಡ್ಡ ಬೋಳಿಸುತ್ತ, ಅದರ ಮೀಸೆ ಟ್ರಿಮ್ ಮಾಡಿದೆ ಎಂದುಬಿಟ್ಟ. ಮೇಷ್ಟರು ನಗಲಿಲ್ಲ. "ನೀನು ಚಿರತೆ ನೋಡೇ ಇಲ್ಲ, ಅಲ್ವೇನಯ್ಯಾ?" ಎಂದರು. ಅಂದಿನಿಂದ ಅವನು ಬಾಯಿ ತೆರೆದರೆ ಸಾಕು, ಅಂಗಡಿಯ ಬೆಂಚಿನವರೆಲ್ಲ ಪೇಪರಿನಲ್ಲಿ ಮುಖ ಹುದುಗಿಸುತ್ತಿದ್ದರು. ಹೊರಗೆ ಮಳೆ ಬರ್ತಿದೆ ಎಂದರೂ ಒಬ್ಬ ಎದ್ದುಹೋಗಿ ನೋಡಿಕೊಂಡು ಬರುತ್ತಿದ್ದ.

ಅವನನ್ನು ಹತ್ತಿಸಿಕೊಂಡು ಜೀಪು ಹೋಯಿತು. ಹೆಂಡತಿ ಎದ್ದು, ಕೋಣೆಯ ಹಿಂದೆ ನಿಂತು ಹಲ್ಲುಜ್ಜುತ್ತಿದ್ದಳು. ಪೊದೆಯಿಂದ ಚಿರತೆ ಬಂತು. ಬಕೆಟ್ಟಿನಲ್ಲಿ ನೆನೆಹಾಕಿದ್ದ ಗಂಡನ ಸಾಕ್ಸನ್ನು ಮೂಸಿತು, ಮುಖ ತಿರುಗಿಸಿತು. ಅವಳನ್ನು ನೋಡಿ ಒಮ್ಮೆ ಆಕಳಿಸಿ, ಬಂದ ದಾರಿಯಲ್ಲೇ ಹೋಯಿತು. ನೊರೆ ನುಂಗಿದ್ದು ಅವಳಿಗೆ ಆಮೇಲೆ ಗೊತ್ತಾಯಿತು.

ಹತ್ತು ಗಂಟೆಗೆ ಗಂಡ ಬಂದು ಮೆಟ್ಟಿಲ ಮೇಲೆ ಕುಸಿದ. "ಎರಡು ನವಿಲು, ಒಂದು ಹಂದಿ."

"ಚಿರತೆ ಇಲ್ಲಿಗೇ ಬಂದಿತ್ತು ರೀ."

"ನನ್ಹತ್ರಾನೇ ಬುರುಡೆ ಬಿಡ್ತೀಯಾ?"

ಅವಳು ಬಕೆಟ್ಟಿನ ಬಳಿ ಕರೆದೊಯ್ದು ಒದ್ದೆ ಮಣ್ಣಿನಲ್ಲಿದ್ದ ಹೆಜ್ಜೆ ತೋರಿಸಿದಳು. ಅವನು ಕುಕ್ಕರುಗಾಲಿನಲ್ಲಿ ಕೂತು, ಹೆಜ್ಜೆಯ ಪಕ್ಕ ತನ್ನ ಅಂಗೈ ಇಟ್ಟು ಅಳೆದ.

"ಗರ್ಜಿಸ್ತಾ?"

"ಆಕಳಿಸ್ತು."

"ನಾನೇ ನೋಡ್ದೆ ಅಂತ ಹೇಳ್ಲೇನೇ?"

"ಹೇಳಿ. ಯಾರು ನಂಬ್ತಾರೆ?"

ವಾಪಸು ಬರುವಾಗ ದಾರಿಯುದ್ದಕ್ಕೂ ಅವನ ಮಂಡಿ ಕುಣಿಯುತ್ತಲೇ ಇತ್ತು. ಊರಿನ ದೀಪಗಳು ಕಂಡಾಗ, "ಹಾಗಾದ್ರೆ ನೀನೇ ಬಂದು ಹೇಳ್ಬಿಡು," ಎಂದ.

ಭಾನುವಾರ ಅವಳು ಅಂಗಡಿಯ ಬಾಗಿಲಲ್ಲಿ ನಿಂತು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೇಳತೊಡಗಿದಳು.

"ದೊಡ್ಡದಿತ್ತೇನಮ್ಮಾ?" ಕುರ್ಚಿಯಲ್ಲಿದ್ದ ಮೇಷ್ಟರು ಕೇಳಿದರು.

"ಇಲ್ಲ ಮೇಷ್ಟ್ರೇ. ಸಣಕಲು. ಪಕ್ಕೆಲುಬು ಎಣಿಸ್ಬಹುದಿತ್ತು."

ಕ್ಷೌರಿಕನ ಬಾಯಿ ಎರಡು ಸಲ ತೆರೆಯಿತು, ಎರಡು ಸಲವೂ ಮುಚ್ಚಿಕೊಂಡಿತು. ಬೆಂಚಿನಲ್ಲಿ ಒಬ್ಬ ಪೇಪರು ಮಡಚಿದ. ಅವನ ಪಕ್ಕದವನೂ ಮಡಚಿದ.

"ಆಮೇಲೆ?" ಎಂದರು ಮೇಷ್ಟರು. ಅವರ ತಲೆಗೂದಲು ಅರ್ಧ ಕತ್ತರಿಸಿ ಆಗಿತ್ತು. ಉಳಿದರ್ಧದ ಮೇಲೆ ಕತ್ತರಿ ತೆರೆದುಕೊಂಡೇ ನಿಂತಿತ್ತು.