ಡಿಸೆಂಬರಿನಲ್ಲಿ ನೋಡಿದ ಮನೆ

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ನಾನು ಸಿಂಕಿನ ಮುಂದೆ ನಿಂತು ಬಂಗುಡೆ ಮೀನು ಕ್ಲೀನ್ ಮಾಡುತ್ತಿದ್ದೆ. ಮೂರನೆಯ ಮೀನು ಕೈಯಲ್ಲಿದ್ದಾಗ ತಲೆಯ ಮೇಲಿನ ಗುಂಯ್ ಎನ್ನುವ ಸದ್ದು ಒಮ್ಮೆಲೇ ನಿಂತಿತು. ಹಗಲೂ ರಾತ್ರಿ ಕೇಳಿ ಕೇಳಿ ಅಂಥ ಸದ್ದೊಂದು ಇದೆ ಎನ್ನುವುದೇ ನಮಗೆ ಮರೆತುಹೋಗಿತ್ತು. ನಮ್ಮ ಕಟ್ಟಡದ ಏಸಿ ಕೆಟ್ಟಿತ್ತು.

ಕೈ ತೊಳೆದು ಕಟ್ಟಡದ ನಾತೂರನಿಗೆ ಫೋನ್ ಮಾಡಿದೆ. ನೀರು, ಲಿಫ್ಟು, ಏಸಿ ಎಲ್ಲ ನೋಡಿಕೊಳ್ಳುವವನು ಅವನೇ.

“ಚಿಲ್ಲರ್ ಹಾಳಾಗಿದೆ ಮೇಡಂ. ಪಾರ್ಟ್ ದುಬೈಯಿಂದ ಬರಬೇಕು. ಸಂಜೆ ಆಗಬಹುದು,” ಎಂದ.

ನಾವಿರುವುದು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ, ಆರನೆಯ ಮಾಳಿಗೆಯಲ್ಲಿ. ನನ್ನ ಗಂಡ ಆನ್ಸೆಲ್ಮ್ ಒಂದು ಹೋಟೆಲಿನಲ್ಲಿ ಸ್ಟೋರ್ ಕೀಪರ್. ಬರುವ ಜೂನ್‌ನಲ್ಲಿ ಅವರಿಗೆ ಅರುವತ್ತು ತುಂಬುತ್ತದೆ. ಅರುವತ್ತಾದವರನ್ನು ಅವರ ಕಂಪನಿ ಇಟ್ಟುಕೊಳ್ಳುವುದಿಲ್ಲ. ನನ್ನ ಮತ್ತು ಮಗಳು ತಾನ್ಯಾಳ ವೀಸಾ ಅವರ ಹೆಸರಿನಲ್ಲೇ ಇರುವುದರಿಂದ ಅವರು ಹೊರಟರೆ ನಾವೂ ಹೊರಡಬೇಕು. ತಾನ್ಯಾ ನಮಗೆ ತಡವಾಗಿ ಹುಟ್ಟಿದ ಮಗಳು. ಹನ್ನೊಂದು ವರ್ಷ, ಆರನೆಯ ಕ್ಲಾಸು.

ಎಲ್ಲಿಗೆ ಹೋಗುವುದು ಎಂಬುದನ್ನು ಆನ್ಸೆಲ್ಮ್ ಹಿಂದಿನ ಡಿಸೆಂಬರಿನಲ್ಲೇ ನಿಶ್ಚಯ ಮಾಡಿಬಿಟ್ಟಿದ್ದರು. ಕ್ರಿಸ್ಮಸ್ ರಜೆಗೆ ಊರಿಗೆ ಹೋದಾಗ ಏಜೆಂಟ್ ಒಬ್ಬ ಮಂಗಳೂರಿನಿಂದ ಹದಿನಾರು ಕಿಲೋಮೀಟರ್ ದೂರದ ಒಂದು ಗುಡ್ಡದ ಮೇಲೆ ಕರೆದುಕೊಂಡು ಹೋಗಿದ್ದ. ಅಲ್ಲಿ ಸಾಲಾಗಿ ಹೊಸ ವಿಲ್ಲಾಗಳು. ಮೇಲಿನ ಬಾಲ್ಕನಿಯಲ್ಲಿ ನಿಂತರೆ ದೂರದಲ್ಲಿ ಕಡಲಿನ ಒಂದು ಗೆರೆ ಕಾಣುತ್ತಿತ್ತು. ತಣ್ಣನೆಯ ಗಾಳಿ ಬೀಸುತ್ತಿತ್ತು. ನಾವು ಅಲ್ಲಿದ್ದದ್ದು ಒಂದು ಗಂಟೆ. ಅದರಲ್ಲಿ ಅರ್ಧ ಗಂಟೆ ಫೋಟೋ ತೆಗೆಯುವುದರಲ್ಲೇ ಹೋಯಿತು.

“ಫ್ಯಾನೂ ಬೇಡ ಇಲ್ಲಿ,” ಎಂದಿದ್ದರು ಆನ್ಸೆಲ್ಮ್.

ಆ ಗುಡ್ಡದಿಂದ ಒಳ್ಳೆಯ ಶಾಲೆಗೆ ದಿನಾ ಹೋಗಿ ಬರುವುದು ಕಷ್ಟ. ಹಾಗಾಗಿ ತಾನ್ಯಾ ಪೇಟೆಯ ಹಾಸ್ಟೆಲಿನಲ್ಲಿದ್ದು ಶನಿವಾರ ಮನೆಗೆ ಬರುವುದು ಎಂದಾಯಿತು. “ಹುಡುಗಿ ಗಟ್ಟಿ ಆಗ್ತಾಳೆ,” ಎಂದರು ಅವಳಪ್ಪ. ಅವಳನ್ನು ದೂರ ಇಡುವುದು ನನಗೆ ಬೇಡವಾಗಿತ್ತು. ಮೂವತ್ತೊಂದು ವರ್ಷ ದುಡಿದ ಮನುಷ್ಯ ಮೊದಲ ಸಲ ತನಗಾಗಿ ಒಂದು ಆಸೆ ಪಟ್ಟಿದ್ದಾರೆ, ಹೇಗೆ ಬೇಡ ಎನ್ನಲಿ? ತಾನ್ಯಾ ಕೂಡ ಒಂದು ಮಾತು ಕೇಳಲಿಲ್ಲ. ಆದರೆ ಅವತ್ತಿನಿಂದ ಶಾಲೆ ಬಿಟ್ಟು ಬಂದ ಮೇಲೆ ಹೋಂವರ್ಕ್ ಪುಸ್ತಕ ತಂದು, ನಾನು ಅಡುಗೆ ಮಾಡುವಲ್ಲೇ ನೆಲದ ಮೇಲೆ ಕೂರತೊಡಗಿದಳು.

ಆ ಶನಿವಾರ ಸಂಜೆಯೊಳಗೆ ವಿಲ್ಲಾದ ಬುಕ್ಕಿಂಗ್ ಫಾರ್ಮಿಗೆ ಸಹಿ ಹಾಕಿ ಕಳಿಸಬೇಕಿತ್ತು. ಆನ್ಸೆಲ್ಮ್ ಕನ್ನಡಕ ಹಾಕಿಕೊಂಡು ಅದನ್ನೇ ತುಂಬಿಸುತ್ತ ಕೂತಿದ್ದರು.

“ಏಸಿ ಸಂಜೆವರೆಗೆ ಇಲ್ವಂತೆ,” ಎಂದೆ.

“ಇಲ್ಲದಿದ್ರೆ ಎಂತ? ಮೂವತ್ತೊಂದು ವರ್ಷ ಗಲ್ಫಿನ ಸೆಕೆ ಕಂಡವ ನಾನು.”

ಕಿಟಕಿ ತೆಗೆದೆ. ಒಲೆಯ ಮುಂದೆ ಮುಖ ಒಡ್ಡಿದ ಹಾಗೆ ಗಾಳಿ ಒಳಗೆ ಬಂತು, ಜೊತೆಗೆ ಅಂಟು ಸೆಕೆ. ಇಲ್ಲಿನ ಫ್ಲ್ಯಾಟುಗಳಲ್ಲಿ ತಿರುಗುವ ಫ್ಯಾನೂ ಇರುವುದಿಲ್ಲ. ಒಂಬತ್ತೂವರೆಗೆ ಆನ್ಸೆಲ್ಮ್ ಅಂಗಿ ತೆಗೆದರು. ಹತ್ತು ಗಂಟೆಗೆ ಬನಿಯನ್ ತೆಗೆದು ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡರು. ಬೆವರು ತೊಟ್ಟಿಕ್ಕಿ ಫಾರ್ಮಿನಲ್ಲಿ ಬರೆದ ಹೆಸರು ಕದಡಿತು. ಹತ್ತೂ ಮುಕ್ಕಾಲಿಗೆ ನೀರು ಕುಡಿಯಲು ಎದ್ದವರು ಮೇಜನ್ನು ಹಿಡಿದುಕೊಂಡು ಹಾಗೇ ನಿಂತರು.

“ಜೂಡಿ, ಕಣ್ಣು ಕತ್ತಲೆ ಬರ್ತಾ ಉಂಟು.”

ನಾನು ಅವರನ್ನು ಕೂರಿಸಿದೆ. ಅಷ್ಟರಲ್ಲಿ ತಾನ್ಯಾ ಬರಿಗಾಲಲ್ಲಿ ಓಡಿ ಪಕ್ಕದ ಮನೆಯ ಹಸೀನಳನ್ನು ಕರೆದುಕೊಂಡು ಬಂದಳು. ಹಸೀನ ಬಂಟ್ವಾಳದ ಕಡೆಯವಳು, ಇಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಮನೆಯಲ್ಲಿ ಅವರದ್ದು ಬ್ಯಾರಿ ಭಾಷೆ, ನಮ್ಮದು ಕೊಂಕಣಿ. ನಾವಿಬ್ಬರು ಮಾತಾಡುವುದು ಕನ್ನಡದಲ್ಲಿ.

ಬಂದವಳೇ ಅವರನ್ನು ಸೋಫಾದಲ್ಲಿ ಮಲಗಿಸಿ, ಕಾಲಿನ ಕೆಳಗೆ ಎರಡು ದಿಂಬು ಇಟ್ಟಳು. ಪ್ರೆಶರ್ ನೋಡಿದಳು. ತನ್ನ ಮನೆಯಿಂದ ತಂದ ತಣ್ಣನೆಯ ಮಜ್ಜಿಗೆ ಕುಡಿಸಿದಳು. ಒದ್ದೆ ಬಟ್ಟೆಯಲ್ಲಿ ಕುತ್ತಿಗೆ ಒರೆಸುವಂತೆ ನನಗೆ ಹೇಳಿದಳು. ಅರ್ಧ ಗಂಟೆಯಲ್ಲಿ ಅವರ ಮುಖಕ್ಕೆ ಬಣ್ಣ ಬಂತು.

“ಹೆದರಬೇಡಿ ಅಕ್ಕ. ಪ್ರೆಶರ್ ಸ್ವಲ್ಪ ಇಳಿದಿತ್ತು, ಅಷ್ಟೆ. ಅಣ್ಣನ ಹಾಗೆ ಪ್ರೆಶರ್ ಮಾತ್ರೆ ತಕ್ಕೊಳ್ಳುವ ಕೆಲವರಿಗೆ ಸೆಕೆ ಬೇಗ ತಾಗ್ತದೆ. ಡಾಕ್ಟರಲ್ಲಿ ಒಮ್ಮೆ ಕೇಳಿ,” ಎಂದಳು.

“ಎಂತ ಆಯ್ತು ಅಂತಲೇ ಗೊತ್ತಾಗ್ಲಿಲ್ಲ ಮಾರಾಯ್ತಿ,” ಎಂದರು ಆನ್ಸೆಲ್ಮ್. “ನಾನು ಗಲ್ಫಿನ ಸೆಕೆ ಕಂಡವ.”

“ಕಂಡದ್ದು ಹೌದು ಅಣ್ಣ. ಕಿಟಕಿ ಗ್ಲಾಸಿನ ಈಚೆಯಿಂದ.”

ತಾನ್ಯಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಅಲ್ಲ, ನೀವೇ ಹೇಳಿ. ಏಸಿ ಮನೆ, ಏಸಿ ಬಸ್ಸು, ಹೋಟೆಲಿನ ಕೋಲ್ಡ್ ಸ್ಟೋರು. ಬಿಸಿಲಲ್ಲಿ ನಿಂತು ಕೆಲಸ ಮಾಡುವವರು ಬೇರೆ. ನಾವಿಬ್ಬರೂ ಸೆಕೆಯ ಊರಲ್ಲಿ ಇದ್ದದ್ದು ಹೌದು, ಸೆಕೆಯಲ್ಲಿ ಇದ್ದದ್ದು ಯಾವಾಗ?”

ಹಸೀನ ಮೇಜಿನ ಮೇಲಿದ್ದ ಫಾರ್ಮ್ ನೋಡಿದಳು.

“ಇದು ಆ ಗುಡ್ಡದ ಮನೆಯದ್ದಾ? ಎಷ್ಟು ಸಲ ಹೋಗಿದ್ದೀರಿ ಅಲ್ಲಿಗೆ?”

“ಒಂದು ಸಲ. ಡಿಸೆಂಬರಲ್ಲಿ.”

“ಎಲ್ಲರೂ ಡಿಸೆಂಬರಲ್ಲೇ ನೋಡುವುದು! ನನ್ನ ಭಾವ ಅಹ್ಮದ್ ಕುಂಞಿ ಇದ್ದಾರಲ್ಲ, ದುಬೈಯ ಸತ್ವಾದಲ್ಲಿ ಮೂವತ್ತು ವರ್ಷ ಟೈಲರ್ ಆಗಿದ್ದವರು. ಅವರೂ ಡಿಸೆಂಬರಲ್ಲಿ ನೋಡಿಯೇ ಗುಡ್ಡದ ಮೇಲೆ ಜಾಗ ತಕ್ಕೊಂಡು ಎರಡು ಮಾಳಿಗೆಯ ಮನೆ ಕಟ್ಟಿಸಿದ್ರು. ಹೋಗಿ ಕೂತದ್ದು ಫೆಬ್ರವರಿಯಲ್ಲಿ. ಏಪ್ರಿಲಿಗೆ ಬೋರ್‌ವೆಲ್ ಬತ್ತಿತು. ಟ್ಯಾಂಕರ್ ಆ ಚಡಾವು ಹತ್ತುವುದಿಲ್ಲ. ಅಕ್ಕನ ಮೊಣಗಂಟು ಮೆಟ್ಟಿಲು ಹತ್ತುವುದಿಲ್ಲ. ಈಗ ಪೇಟೆಯಲ್ಲಿ ಬಾಡಿಗೆಗೆ ಇದ್ದಾರೆ.”

“ಮತ್ತೆ ಆ ಮನೆ?”

“ಅದರಲ್ಲಿ ನವಿಲುಗಳು ಇದ್ದಾವೆ ಅಣ್ಣ. ಟೆರೇಸಲ್ಲಿ ಸುಖವಾಗಿ ಕುಣೀತಾವೆ.”

ಆನ್ಸೆಲ್ಮರಿಗೂ ನಗು ಬಂತು. ಆದರೂ “ನಮಗೆ ಅಂತ ಒಂದು ಮನೆ ಬೇಡವಾ ಹಸೀನ?” ಎಂದರು.

“ಬೇಡ ಅಂತ ಯಾರು ಹೇಳಿದ್ರು? ತಕ್ಕೊಳ್ಳಿ. ಮೊದಲು ಬಾಡಿಗೆಗೆ ಹೋಗಿ ಸ್ವಲ್ಪ ದಿನ ಇದ್ದು ನೋಡಿ, ಅದೂ ಕೆಟ್ಟ ಕಾಲದಲ್ಲಿ. ಸೆಕೆಗೆ ಒಮ್ಮೆ ಹೋಗಿ, ಆಗುವುದಾದ್ರೆ ಮಳೆಗೂ ಒಮ್ಮೆ. ಬಾಡಿಗೆ ಕಾರು ಹಿಡೀಬೇಡಿ. ಹಾಲಿಗೆ ನಡೆದು ಹೋಗಿ. ಡಾಕ್ಟರಲ್ಲಿಗೆ ಹೋಗ್ಲಿಕ್ಕೆ ಎಷ್ಟು ಹೊತ್ತು ಬೇಕು ನೋಡಿ. ಇದಕ್ಕೆಲ್ಲ ಸರಿ ಬಂದ್ರೆ ನಾನೇ ನಿಮ್ಮ ಮನೆ ಒಕ್ಕಲಿಗೆ ಬಿರಿಯಾನಿ ಮಾಡ್ತೇನೆ.”

ಅಷ್ಟರಲ್ಲಿ ಏಜೆಂಟನ ಫೋನ್ ಬಂತು. ಆನ್ಸೆಲ್ಮ್ ಸ್ಪೀಕರ್ ಹಾಕಿದರು.

“ಸರ್, ಫಾರ್ಮ್ ರೆಡಿ ಆಯ್ತಾ?”

“ಒಮ್ಮೆ ಬಂದು ಇದ್ದು ನೋಡ್ತೇನೆ. ಮಾರ್ಚ್ ಕೊನೆಗೆ ಮಗಳಿಗೆ ರಜೆ ಉಂಟು.”

“ಮಾರ್ಚಲ್ಲಾ? ಮಾರ್ಚಲ್ಲಿ ಯಾರೂ ನೋಡ್ಲಿಕ್ಕೆ ಬರುವುದಿಲ್ಲ ಸರ್! ಡಿಸೆಂಬರಲ್ಲೇ ಬನ್ನಿ. ಕ್ಲೈಮೇಟ್ ಫಸ್ಟ್ ಕ್ಲಾಸ್ ಇರ್ತದೆ.”

ಹಸೀನ ಎರಡೂ ಕೈ ಅಗಲಿಸಿ ‘ನೋಡಿದಿರಾ’ ಎನ್ನುವಂತೆ ನನ್ನನ್ನು ನೋಡಿದಳು. ಆನ್ಸೆಲ್ಮ್ ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಾದ್ರೆ ನಾನು ಮಾರ್ಚಲ್ಲೇ ಬರುವುದು. ಖಲಾಸ್,” ಎಂದು ಫೋನ್ ಇಟ್ಟರು.

ಹೇಳಿದಂತೆ ಮಾರ್ಚ್ ಕೊನೆಗೆ ನಾವು ಮೂವರೂ ಹೋದೆವು. ಅದೇ ಗುಡ್ಡದಲ್ಲಿ ಒಬ್ಬರ ವಿಲ್ಲಾ ಒಂಬತ್ತು ದಿನಕ್ಕೆ ಬಾಡಿಗೆಗೆ ಸಿಕ್ಕಿತು. ಮೊದಲ ದಿನ ಬಾಲ್ಕನಿಯಲ್ಲಿ ಕೂತು ಚಹಾ ಕುಡಿದೆವು. ಕಡಲಿನ ಗೆರೆ ಇತ್ತು, ಗಾಳಿ ಇರಲಿಲ್ಲ. ಎರಡನೆಯ ದಿನ ಮಧ್ಯಾಹ್ನದಿಂದ ಸಂಜೆ ಐದರವರೆಗೆ ಕರೆಂಟ್ ಇರಲಿಲ್ಲ. ಮೂರನೆಯ ದಿನ ಆನ್ಸೆಲ್ಮ್ ಹಾಲು ತರಲು ನಡೆದು ಹೋದರು. ಇಳಿಯುವಾಗ ಸುಲಭವಿತ್ತು. ಹತ್ತಿ ಬರುವಾಗ ನಾಲ್ಕು ಕಡೆ ನಿಂತರಂತೆ. ಮನೆಗೆ ಮುಟ್ಟುವಾಗ ಹಾಲು ಬಿಸಿಯಾಗಿತ್ತು.

ಐದನೆಯ ದಿನ ತಾನ್ಯಾಳಿಗೆ ಕಿವಿನೋವು ಶುರುವಾಗಿ ಜ್ವರ ಏರಿತು. ಫೋನ್ ಮಾಡಿದರೆ ಒಬ್ಬ ಆಟೋದವ “ಮೇಲೆ ಬರುವುದಿಲ್ಲ” ಎಂದ, ಇನ್ನೊಬ್ಬ ಫೋನ್ ಎತ್ತಲಿಲ್ಲ. ಕೊನೆಗೆ ಬೇರೊಂದು ಆಟೋ ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಒಂದು ಗಂಟೆ ಇಪ್ಪತ್ತು ನಿಮಿಷ ಆಗಿತ್ತು. ಆಟೋದಲ್ಲಿ ಅವಳ ಬಿಸಿ ತಲೆ ಅಪ್ಪನ ತೊಡೆಯ ಮೇಲಿತ್ತು. ಆನ್ಸೆಲ್ಮ್ ದಾರಿಯುದ್ದಕ್ಕೂ ಅವಳ ಕೂದಲು ಸವರುತ್ತಿದ್ದರು. ಹಿಂದೆ ಬರುವಾಗ, ಅವಳಿಗೆ ನಿದ್ದೆ ಹತ್ತಿದ ಮೇಲೆ, ಮೆಲ್ಲಗೆ ಹೇಳಿದರು: “ಇವಳನ್ನು ಹಾಸ್ಟೆಲಲ್ಲಿ ಬಿಟ್ಟು, ನಾನು ಇಲ್ಲಿ ಕೂತು ಕಡಲು ನೋಡುವುದಾ ಜೂಡಿ?”

ವರ್ಷದಿಂದ ನನಗೆ ಹೇಳಲಾಗದಿದ್ದ ಮಾತನ್ನು ಅವರೇ ಹೇಳಿದ್ದರು.

ಉಳಿದ ದಿನಗಳಿಗೆ ಮಂಗಳೂರಿನ ಕುಲಶೇಖರದಲ್ಲಿ ಒಂದು ಫ್ಲ್ಯಾಟ್ ಹಿಡಿದೆವು. ಎರಡನೆಯ ಮಾಳಿಗೆ, ಲಿಫ್ಟ್ ಉಂಟು. ಬಾಲ್ಕನಿಯಿಂದ ಕಾಣುವುದು ಎದುರು ಮನೆಯವರು ಒಣಗಲು ಹಾಕಿದ ಬಟ್ಟೆ. ಸೆಕೆ ಅಲ್ಲಿಯೂ ಇತ್ತು, ಸುಳ್ಳು ಹೇಳಬಾರದು. ಆದರೆ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಕರೆಂಟ್ ಹೋದರೆ ಬೇಗ ಬರುತ್ತಿತ್ತು. ಮೀನಿನ ಹೆಂಗಸು ಗೇಟಿನಲ್ಲೇ ನಿಂತು ಕರೆಯುತ್ತಿದ್ದಳು. ಚರ್ಚಿಗೆ, ಡಾಕ್ಟರಲ್ಲಿಗೆ ನಡೆದೇ ಹೋದೆವು. ಒಂದು ದಿನ ಆನ್ಸೆಲ್ಮ್ ವಾಚ್ ನೋಡಿಕೊಂಡು ತಾನ್ಯಾಳನ್ನು, ಅವಳನ್ನು ಸೇರಿಸಬೇಕೆಂದಿದ್ದ ಶಾಲೆಯ ಗೇಟಿನವರೆಗೆ ನಡೆಸಿಕೊಂಡು ಹೋಗಿ ಬಂದರು. ಹನ್ನೊಂದು ನಿಮಿಷ. ಆ ರಾತ್ರಿ ಅವರು ಒಳ್ಳೆಯ ನಿದ್ದೆ ಮಾಡಿದರು.

ಅಲ್ಲೇ ಒಂದು ವರ್ಷಕ್ಕೆ ಬಾಡಿಗೆ ಮನೆ ಮಾತಾಡಿ ಬಂದೆವು. ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಕಳೆದ ಮೇಲೆ ಕೊಳ್ಳುವ ಮಾತು. ಗುಡ್ಡದ ಮನೆಯ ಫಾರ್ಮನ್ನು ಆನ್ಸೆಲ್ಮರೇ ಹರಿದರು. ಸ್ವಲ್ಪ ಬೇಸರವಿತ್ತು, ಮುಚ್ಚಿಡಲಿಲ್ಲ. “ನವಿಲಿಗೆ ಒಂದು ಮನೆ ಕಡಿಮೆ ಆಯ್ತು,” ಎಂದು ಹಸೀನಳಿಗೆ ಮೆಸೇಜ್ ಕಳಿಸಿದರು.

ಅಬುಧಾಬಿಯಲ್ಲಿ, ದುಬೈಯ ಅಲ್ ನಹ್ದಾದಲ್ಲಿ, ಸತ್ವಾದಲ್ಲಿ ಇದ್ದು ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿವೃತ್ತಿಯ ದಿನ ಹತ್ತಿರ ಬರುತ್ತಿದ್ದರೆ ದಯವಿಟ್ಟು ಅವಸರ ಮಾಡಬೇಡಿ. ಒಂದು ಗಂಟೆ ನೋಡಿದ ಮನೆಗೆ ಉಳಿದ ಇಪ್ಪತ್ತು ವರ್ಷ ಬರೆದುಕೊಡಬೇಡಿ. ರಜೆಯ ಊರು ಬೇರೆ, ಬಾಳುವ ಊರು ಬೇರೆ. ಏಪ್ರಿಲಿನಲ್ಲಿ ಅಲ್ಲಿನ ಬಾವಿಯೊಳಗೆ ಇಣುಕಿ ನೋಡಿ. ಮಧ್ಯಾಹ್ನ ಏಸಿ ಇಲ್ಲದೆ ಮಲಗಿ ನೋಡಿ. ಇವತ್ತು ಹಾರಿಕೊಂಡು ಹತ್ತುವ ಮೆಟ್ಟಿಲನ್ನು ಎಪ್ಪತ್ತರ ಮೊಣಗಂಟು ಹತ್ತೀತೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮುಖ್ಯವಾಗಿ, ಜೊತೆಯಲ್ಲಿ ಇರಬೇಕಾದವರನ್ನೆಲ್ಲ ಕೂರಿಸಿಕೊಂಡು ಮಾತಾಡಿ.

ಈ ಕೊನೆಯ ಮಾತಿನಲ್ಲಿ ನಾವೇ ತಪ್ಪಿದ್ದೆವು. ಅದನ್ನೂ ಹೇಳಿಬಿಡುತ್ತೇನೆ.

ನಿನ್ನೆ ಕಾರ್ಗೋ ಪೆಟ್ಟಿಗೆಗಳನ್ನು ತುಂಬುತ್ತಿದ್ದೆವು. ನಾನು ಪಾತ್ರೆಗಳಿಗೆ ಪೇಪರ್ ಸುತ್ತುತ್ತಿದ್ದೆ. ಆನ್ಸೆಲ್ಮ್ ಪೆಟ್ಟಿಗೆಗಳ ಮೇಲೆ ದಪ್ಪ ಪೆನ್ನಿನಲ್ಲಿ ‘ಕುಲಶೇಖರ’ ಎಂದು ಬರೆಯುತ್ತಿದ್ದರು. ತಾನ್ಯಾ ತನ್ನ ಪುಸ್ತಕಗಳನ್ನು ಎದೆಗೆ ಒತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಹಾಕು ಮಗಾ, ಇದರಲ್ಲಿ ಜಾಗ ಉಂಟು,” ಎಂದರು ಆನ್ಸೆಲ್ಮ್.

ಅವಳು ಹಾಕಲಿಲ್ಲ. ಪೆಟ್ಟಿಗೆಯ ಮೇಲಿನ ಹೆಸರನ್ನೇ ನೋಡುತ್ತಿದ್ದಳು. ಹಾಸ್ಟೆಲ್ ಇಲ್ಲ ಎಂದು ನಾನು ಅವಳಿಗೆ ಹೇಳಿದ್ದೇನೆ ಎಂದು ಅವರು ತಿಳಿದಿದ್ದರು. ಅವರು ಹೇಳಿದ್ದಾರೆ ಎಂದು ನಾನು ತಿಳಿದಿದ್ದೆ. ಇಬ್ಬರೂ ಹೇಳಿರಲಿಲ್ಲ.

“ಪಪ್ಪಾ,” ಎಂದಳು ತಾನ್ಯಾ. “ಆ ಮನೆಯಲ್ಲಿ ನಾನೂ ಇರ್ತೇನಾ?”