ಮಿಂಗೋನ ಎರಡು ಹೆಸರು

ಚಾರ್ಲ್ಸ್‌ಟನ್‌ಗೂ ಸವಾನಾಗೂ ನಡುವೆ ಇರುವ ನಮ್ಮ ಸೇಂಟ್ ಹೆಲೆನಾ ದ್ವೀಪದಲ್ಲಿ ಸರ್ಕಾರದ ಕಾಗದ ಬಂತೆಂದರೆ ಅದು ಒಬ್ಬರ ಮನೆಗೆ ಬಂದದ್ದಲ್ಲ, ಇಡೀ ಕೇರಿಗೆ ಬಂದದ್ದು. ಬೈನಾಳ ಕಾಗದವನ್ನೂ ಅವಳ ಕೈ ಸೇರುವ ಮೊದಲೇ ನಾಲ್ಕು ಜನ ತಿರುಗಿಸಿ ಮುರುಗಿಸಿ ನೋಡಿದ್ದರು. ಅವರಲ್ಲಿ ಒಬ್ಬರಿಗೂ ಓದಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಬೈನಾಳ ಮಗಳು ಡೋಸಿಯಾಗೆ. ಹನ್ನೊಂದು ವರ್ಷದ ಆ ಹುಡುಗಿ ಹೊಸ್ತಿಲ ಮೇಲೆ ಕೂತು, ಬೆರಳಿಟ್ಟು ಓದಿದಳು. ಮಿಂಗೋ ರಿವರ್ಸ್ ಎಂಬ ಸೈನಿಕನ ಹೆಸರು ದಳದ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ವಿಧವೆಯ ಪಿಂಚಣಿ ಅರ್ಜಿಯನ್ನು ಮುಂದುವರಿಸಲು ಸಾಧ್ಯವಿಲ್ಲ.

"ಹಂಗಂದ್ರೇನೇ?" ಬೈನಾ ಕೇಳಿದಳು.

"ಅಪ್ಪ ಸೈನ್ಯದಲ್ಲೇ ಇರಲಿಲ್ಲ ಅಂತ ಅವ್ವ."

ಬೈನಾ ಕಾಗದವನ್ನು ಕಿತ್ತುಕೊಂಡಳು. ಓದಲು ಬಾರದಿದ್ದರೂ ಅದನ್ನೇ ದಿಟ್ಟಿಸಿ ನೋಡಿದಳು. ಅವಳ ಗಂಡ ಮಿಂಗೋ ಸರ್ಕಾರದ ಸೈನ್ಯದ ನೀಲಿ ಅಂಗಿ ತೊಟ್ಟು ದೋಣಿ ಹತ್ತಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅವನು ಚಾರ್ಲ್ಸ್‌ಟನ್ ಕಡೆಯ ಮರಳದಿಣ್ಣೆಯ ಮೇಲೆ ಗುಂಡು ತಿಂದು ಸತ್ತ. ಗುಲಾಮಗಿರಿಯನ್ನು ಕೊನೆಗಾಣಿಸಿದ ಆ ಯುದ್ಧ ಮುಗಿದು ಎಂಟು ವರ್ಷವಾಯಿತು. ಇಷ್ಟು ದಿನ ಬೈನಾ ಯಾರ ಮುಂದೆಯೂ ಕೈಚಾಚಿರಲಿಲ್ಲ. ಆದರೆ ಈಗ ಅವಳ ಬೆರಳ ಗೆಣ್ಣುಗಳು ಊದಿಕೊಂಡು ಹತ್ತಿ ಬಿಡಿಸಲು ಆಗುತ್ತಿರಲಿಲ್ಲ. ಸವಾನಾ ಪಟ್ಟಣದ ಒಬ್ಬ ದೊಡ್ಡ ಮನೆಯಾಕೆ, ಡೋಸಿಯಾಳನ್ನು ಕ್ರಿಸ್ಮಸ್ ಹೊತ್ತಿಗೆ ಮನೆಗೆಲಸಕ್ಕೆ ಕಳಿಸಿಕೊಡು ಎಂದು ಹೇಳಿ ಕಳಿಸಿದ್ದಳು. ಪಿಂಚಣಿ ಬಂದರೆ ಮಗಳು ಮನೆಯಲ್ಲಿ ಉಳಿಯುತ್ತಾಳೆ, ಶಾಲೆಗೆ ಹೋಗುತ್ತಾಳೆ. ಬಾರದಿದ್ದರೆ ಸವಾನಾ.

ಅವಳ ಅತ್ತೆ ಹೇಗರ್ ಮೂಲೆಯಲ್ಲಿ ಅಲಸಂದೆ ಬಿಡಿಸುತ್ತಾ ಕೂತಿದ್ದಳು. ಕಾಗದದ ಕಡೆ ತಿರುಗಿಯೂ ನೋಡಲಿಲ್ಲ.

"ನಾನು ಮೊದಲೇ ಬಡ್ಕೊಂಡೆ. ಸತ್ತೋನ ಹೆಸರು ಹಿಡ್ಕೊಂಡು ದೊರೆಗಳ ಬಾಗಿಲು ತಟ್ಟಬೇಡ ಅಂತ. ಅವರಿಗೆ ನಮ್ಮೋರ ರಕ್ತ ಬೇಕಿತ್ತು, ತಗೊಂಡ್ರು. ಈಗ ಗುರುತು ಕೇಳಿದ್ರೆ ಯಾರೋ ಏನೋ ಅಂತಾರೆ. ಸುಮ್ನೆ ಒಲೆ ನೋಡು ಹೋಗು."

ಬೈನಾ ಒಲೆ ನೋಡಲಿಲ್ಲ. ಕಾಗದ ಮಡಿಸಿ ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯೊಳಗೆ ಸಿಕ್ಕಿಸಿಕೊಂಡು, ನೇರವಾಗಿ ಫಿಬಿಯ ಮನೆಗೆ ನಡೆದಳು.

ಫಿಬಿ ಆ ಕೇರಿಯ ಸೂಲಗಿತ್ತಿ. ಅವಳೂ ಸೈನಿಕನ ವಿಧವೆಯೇ. ಎರಡು ವರ್ಷ ಓಡಾಡಿ ಪಿಂಚಣಿ ಮಾಡಿಸಿಕೊಂಡವಳು. ಆ ಓಡಾಟದಲ್ಲಿ ಅರ್ಧ ವಕೀಲಳೇ ಆಗಿಬಿಟ್ಟಿದ್ದಳು ಎಂದು ಜನ ನಗುತ್ತಿದ್ದರು. ನಕ್ಕವರೇ ಆಮೇಲೆ ಸಲಹೆ ಕೇಳಲು ಅವಳ ಬಾಗಿಲಿಗೆ ಬರುತ್ತಿದ್ದರು.

"ಅರ್ಜಿ ಬರೆದೋರು ಯಾರು?" ಫಿಬಿ ಕೇಳಿದಳು.

"ಪೇಟೇಲಿ ದುಡ್ಡು ತಗೊಂಡು ಅರ್ಜಿ ಬರೆಯೋ ಏಜೆಂಟು."

"ಬರೆದಿದ್ದನ್ನ ಓದಿ ಹೇಳಿದ್ನಾ?"

"ಇಲ್ಲ ಅಕ್ಕ. ಸಹಿ ಬದಲು ಇಲ್ಲಿ ಗೀಟು ಹಾಕು ಅಂದ, ಹಾಕಿದೆ."

"ಓದಿಸ್ದೆ ಗೀಟು ಹಾಕೋಕೆ ಅದೇನು ಮಕ್ಕಳಾಟವೇನೇ? ಮದುವೆ ತಾರೀಖು ಏನಂತ ಬರೆದ?"

"ನಂಗೆ ಗೊತ್ತಿಲ್ಲ ಅಂದೆ. ಇರಲಿ, ನಾನೇ ಒಂದು ಹಾಕ್ತೀನಿ ಅಂದ."

ಫಿಬಿ ಹಣೆ ಚಚ್ಚಿಕೊಂಡಳು. ಆಮೇಲೆ ಬೈನಾಳನ್ನು ಕೂರಿಸಿ, ಬೆಂಡೆಕಾಯಿ ಸಾರು ಅನ್ನ ಬಡಿಸಿ, ನಿಧಾನವಾಗಿ ಕೇಳತೊಡಗಿದಳು. ಗುಲಾಮರಾಗಿದ್ದ ಕಾಲದಲ್ಲಿ ಮಿಂಗೋ ಇದ್ದದ್ದು ಹ್ಯಾಡಲ್ ಒಡೆಯನ ತೋಟದಲ್ಲಿ. ಬೈನಾ ಇದ್ದದ್ದು ಹೊಳೆಯಾಚೆಯ ಬೇರೆ ತೋಟದಲ್ಲಿ. ಶನಿವಾರ ಒಡೆಯನಿಂದ ಚೀಟಿ ಬರೆಸಿಕೊಂಡು ಅವನು ಹೆಂಡತಿಯನ್ನು ನೋಡಲು ಬರುತ್ತಿದ್ದ, ಸೋಮವಾರ ಬೆಳಗಾಗುವ ಮೊದಲು ಹಿಂತಿರುಗುತ್ತಿದ್ದ. ನಮ್ಮವರ ಪದ್ಧತಿಯಂತೆ ಇಬ್ಬರೂ ಕೈ ಹಿಡಿದು, ಅಡ್ಡ ಹಿಡಿದ ಪೊರಕೆ ದಾಟಿದ್ದೇ ಅವರ ಮದುವೆ. ಪಾದ್ರಿಯೂ ಇಲ್ಲ, ಕಾಗದವೂ ಇಲ್ಲ.

"ಕಾಗದ ಇಲ್ದಿದ್ರೆ ಮದುವೆನೇ ಅಲ್ಲ ಅಂತಾರೇನೋ," ಎಂದಳು ಬೈನಾ.

"ಅನ್ನಲ್ಲ. ನಂದೂ ಪೊರಕೆ ಮದುವೆನೇ. ನಮ್ಮಂಥೋರಿಗೆ ಅಂತಲೇ ಕಾನೂನಿದೆ ಕಣೇ. ಗಂಡ ಹೆಂಡ್ತಿಯಾಗಿ ಬಾಳಿದ್ದನ್ನ ಕಂಡೋರು ಪ್ರಮಾಣ ಮಾಡಿ ಹೇಳಿದ್ರೆ ಸಾಕು. ನಿನ್ನ ತೊಂದರೆ ಮದುವೆ ಅಲ್ಲ, ಹೆಸರು. ಮಿಂಗೋ ಜೊತೆ ಅದೇ ದಳದಲ್ಲಿ ಇದ್ದೋರು ಯಾರು?"

"ಕೇಟೋ ಅಣ್ಣ."

ಕೇಟೋ ಈಗ ಸಿಂಪಿ ಹಿಡಿಯುವ ದೋಣಿ ಇಟ್ಟುಕೊಂಡಿದ್ದ. ಯುದ್ಧದಲ್ಲಿ ಒಂದು ಕಾಲು ಕುಂಟಾಗಿತ್ತು. ಇಬ್ಬರೂ ಹೆಂಗಸರು ದಡಕ್ಕೆ ಹೋದಾಗ ಅವನು ದೋಣಿಗೆ ಡಾಂಬರು ಬಳಿಯುತ್ತಿದ್ದ. ಕಾಗದದ ವಿಷಯ ಕೇಳಿ ಕುಂಚ ಕೆಳಗಿಟ್ಟ.

"ಮಿಂಗೋ ಅಂತ ಪಟ್ಟಿಯಲ್ಲಿ ಹೆಂಗಿರುತ್ತೆ ತಂಗಿ? ದಿನಾ ಬೆಳಗ್ಗೆ ಹಾಜರಿ ಕೂಗೋವಾಗ ಐಸಾಕ್ ಹ್ಯಾಡಲ್ ಅಂತಿದ್ರು. ನಿನ್ನ ಗಂಡ ಹ್ಞಾಂ ಅಂತಿದ್ದ."

"ಐಸಾಕ್ ಅಂದ್ರೆ ಯಾರು?"

"ಅವನೇ. ಒಡೆಯನ ಪುಸ್ತಕದಲ್ಲಿದ್ದ ಹೆಸರು. ಸೇರ್ಕೊಳ್ಳೋ ದಿನ ಗುಮಾಸ್ತ, ಯಾವ ತೋಟದೋನು ಅಂತ ಕೇಳಿದ. ಹ್ಯಾಡಲ್ ತೋಟ ಅಂದ ಇವನು. ಗುಮಾಸ್ತ ತೋಟದ ಪಟ್ಟಿ ನೋಡ್ಕೊಂಡು ಹಂಗೇ ಬರೆದುಬಿಟ್ಟ. ಯುದ್ಧ ಮುಗೀಲಿ, ನಮ್ಮಪ್ಪನ ಹೆಸರು ಹಾಕಿಸ್ಕೊತೀನಿ ಅಂತಿದ್ದ ಮಿಂಗೋ. ಯುದ್ಧ ಮುಗೀತು, ಅವನು ಉಳೀಲಿಲ್ಲ."

ಬೈನಾ ಆ ಹೆಸರನ್ನು ತಾನೇ ಒಂದು ಸಲ ಹೇಳಿ ನೋಡಿದಳು. ಸಂಸಾರ ಮಾಡಿದ ಗಂಡನಿಗೆ ಇನ್ನೊಂದು ಹೆಸರಿತ್ತು, ಆ ಹೆಸರಲ್ಲೇ ಅವನು ಸತ್ತ. ಅದು ತನಗೆ ತಿಳಿದಿರಲಿಲ್ಲ ಎನ್ನುವುದರಿಂದಲೇ ಅವಳಿಗೆ ಬಹಳ ನೋವಾಯಿತು. ನಮ್ಮ ದ್ವೀಪದಲ್ಲಿ ಇದೇನು ಹೊಸದಲ್ಲ. ತೊಟ್ಟಿಲಲ್ಲಿ ಅವ್ವ ಇಟ್ಟ ಹೆಸರು ಮನೆಮಂದಿಗೆ, ಒಡೆಯ ಬರೆದ ಹೆಸರು ಅವನ ಪುಸ್ತಕಕ್ಕೆ. ಪುಸ್ತಕದ ಹೆಸರನ್ನು ನಾವು ಮನೆಯೊಳಗೆ ತರುತ್ತಿರಲಿಲ್ಲ.

"ದಳದಲ್ಲಿ ಸತ್ತೋನು ಅವನೇ ಅಂತ ನಾನು ಪ್ರಮಾಣ ಮಾಡ್ತೀನಿ," ಎಂದ ಕೇಟೋ. "ಆದ್ರೆ ಪೊರಕೆ ದಾಟಿದ್ದು ನಾನು ನೋಡಿಲ್ಲ. ನೋಡ್ದೇ ಇರೋದನ್ನ ನೋಡ್ದೆ ಅನ್ನಲ್ಲ."

"ಅನ್ನಲೂಬೇಡ," ಎಂದಳು ಫಿಬಿ. "ಒಂದು ಸುಳ್ಳು ಸಿಕ್ರೆ ಹತ್ತು ನಿಜ ಹಾಳು. ಮದುವೆ ನೋಡಿದೋರಲ್ಲಿ ಯಾರು ಉಳಿದಿದ್ದಾರೆ ಬೈನಾ?"

ಉಳಿದವಳು ಒಬ್ಬಳೇ, ಹೇಗರ್. ಮಿಕ್ಕವರು ಸತ್ತಿದ್ದರು, ಇಲ್ಲವೇ ಯುದ್ಧಕ್ಕೆ ಮೊದಲೇ ಎಲ್ಲೆಲ್ಲಿಗೋ ಮಾರಾಟವಾಗಿದ್ದರು. ಐಸಾಕ್, ಮಿಂಗೋ ಎರಡೂ ಒಬ್ಬನದೇ ಹೆಸರೆಂದು ಹುಟ್ಟಿನಿಂದ ಬಲ್ಲವಳೂ ಅವಳೇ.

ಮನೆಗೆ ಬಂದು ವಿಷಯ ತೆಗೆದಾಗ ಹೇಗರ್ ಅಲಸಂದೆಯ ಬುಟ್ಟಿಯನ್ನು ದೂರ ತಳ್ಳಿದಳು.

"ಆ ಹೆಸರು ಈ ಸೂರಿನ ಕೆಳಗೆ ಎತ್ತಬೇಡಿ."

"ಅತ್ತೆ, ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿರದೇ ಏನು? ಹೆತ್ತೋಳಲ್ವಾ ನಾನು? ನನ್ನ ಮಗ ಯುದ್ಧಕ್ಕೆ ಹೋಗಿದ್ದೇ ಆ ಹೆಸರು ಅಳಿಸಿ ಹಾಕೋಕೆ. ಈಗ ನಾನು ಹೋಗಿ, ಕೈ ಎತ್ತಿ, ನನ್ನ ಮಗ ಹ್ಯಾಡಲ್‌ನೋನು ಅಂತ ದೇವರ ಮುಂದೆ ಹೇಳ್ಬೇಕಾ? ಆ ಒಡೆಯ ನನ್ನ ಮಗಳು ಜೂನೋನ ಮಾರಿದ. ಗೆಣಸಿನ ಹೊಲದಿಂದ ನೇರ ಗಾಡಿ ಹತ್ತಿಸಿದ. ಹೋಗ್ತೀನಿ ಅವ್ವ ಅಂತ ಹೇಳೋಕೂ ಬಿಡಲಿಲ್ಲ."

ಬೈನಾ ಅತ್ತೆಯ ಎದುರು ನೆಲದ ಮೇಲೆ ಕೂತಳು.

"ಜೂನೋ ಹೋದಾಗ ಎಷ್ಟು ವಯಸ್ಸು ಅತ್ತೆ?"

"ಹನ್ನೆರಡಕ್ಕೆ ಬಿದ್ದಿತ್ತು."

"ಡೋಸಿಯಾಗೆ ಬರೋ ಬೇಸಿಗೆಗೆ ಹನ್ನೆರಡು. ಅವಳನ್ನ ಯಾರೂ ಮಾರ್ತಿಲ್ಲ, ನಾನೇ ಕಳಿಸ್ತೀನಿ. ಗಾಡಿ ಬದಲು ದೋಣಿ. ಆ ಹೆಸರು ನಿಮಗೆ ಎಷ್ಟು ಉರಿಯುತ್ತೋ ನಾನು ಕಾಣೆ. ಆದ್ರೆ ಅದು ನಿಮ್ಮ ಬಾಯಿಂದ ಒಂದು ಸಲ ಬಂದ್ರೆ ಹುಡುಗಿ ಮನೇಲಿ ಉಳೀತಾಳೆ. ನೀವು ಬರದಿದ್ರೂ ನಾನು ಬಿಡಲ್ಲ. ವಾಷಿಂಗ್ಟನ್ ತನಕ ನಡ್ಕೊಂಡಾದ್ರೂ ಹೋಗ್ತೀನಿ."

"ನಡ್ಕೊಂಡು ಈ ಹೊಳೆಯೂ ದಾಟಲ್ಲ ನೀನು," ಎಂದಳು ಹೇಗರ್. ಅಷ್ಟೇ ಹೇಳಿ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು.

ಫಿಬಿ ಹೊಸ ಅರ್ಜಿ ಬರೆಸಿದಳು. ಈ ಸಲ ಶಾಲೆಯ ಮೇಡಂ ಬರೆದು, ಪ್ರತಿ ಸಾಲನ್ನೂ ಓದಿ ಹೇಳಿ, ಆಮೇಲೆ ಗೀಟು ಹಾಕಿಸಿದರು. ಏಜೆಂಟು ಹಾಕಿದ್ದ ಸುಳ್ಳು ತಾರೀಖು ತನ್ನದಲ್ಲ ಎಂದೂ ಬೈನಾ ಬರೆಸಿದಳು. ಬೇಸಿಗೆ ಮುಗಿಯುವ ಹೊತ್ತಿಗೆ ವಾಷಿಂಗ್ಟನ್‌ನಿಂದ ಒಬ್ಬ ಅಧಿಕಾರಿ ವಿಚಾರಣೆಗೆ ದ್ವೀಪಕ್ಕೆ ಬಂದ. ಪ್ರಾರ್ಥನಾ ಮನೆಯಲ್ಲಿ ಮೇಜು ಹಾಕಿಕೊಂಡು ಕೂತ. ಬೈನಾ ಹೇಳಿದಳು, ಕೇಟೋ ಹೇಳಿದ, ಡೋಸಿಯಾಳ ಹೆರಿಗೆ ಮಾಡಿಸಿದ್ದು ತಾನೇ ಎಂದು ಫಿಬಿ ಹೇಳಿದಳು. ಬೈನಾ ಮತ್ತೆ ಯಾರನ್ನಾದರೂ ಕಟ್ಟಿಕೊಂಡಳೇ ಎಂದು ಕೇಳಿದಾಗ ಇಲ್ಲವೆಂದು ಮೂವರೂ ಒಂದೇ ಮಾತು ಹೇಳಿದರು. ಇನ್ನು ಮದುವೆ ನೋಡಿದವರು ಬೇಕು ಎಂದ ಅಧಿಕಾರಿ.

ಹೇಗರ್ ಬಾಗಿಲಲ್ಲಿ ನಿಂತಿದ್ದಳು. ಬಿಳಿ ರುಮಾಲು ಕಟ್ಟಿ, ಪ್ರಾರ್ಥನೆಗೆ ಹಾಕುವ ಕರಿ ಅಂಗಿ ಹಾಕಿಕೊಂಡು ಬಂದಿದ್ದಳು. ಯಾರೂ ಕರೆಯದೆ ತಾನೇ ಬಂದು ಬೆಂಚಿನ ಮೇಲೆ ಕೂತಳು.

"ಮದುವೆ ಯಾವ ದಿನ?" ಅಧಿಕಾರಿ ಕೇಳಿದ.

"ತಾರೀಖು ನಂಗೆ ಗೊತ್ತಿಲ್ಲ ಸ್ವಾಮಿ. ನಿಮ್ಮ ಸರ್ಕಾರದ ಹಡಗುಗಳು ಬಂದು ದೊಡ್ಡ ತೋಪು ಹಾರಿಸಿದ್ರಲ್ಲ, ನಮ್ಮೊಡೆಯ ಓಡಿಹೋದ್ನಲ್ಲ, ಅದರ ಹಿಂದಿನ ವರ್ಷ. ಗೆಣಸು ಅಗೆಯೋ ಕಾಲ. ಪೊರಕೆ ಹಿಡಿದಿದ್ದು ನಾನೇ."

ತೋಪು ಹಾರಿದ ದಿನ ಯಾವುದೆಂದು ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು. ಅಧಿಕಾರಿ ಲೆಕ್ಕ ಹಾಕಿ ಬರೆದುಕೊಂಡ.

"ನಿಮ್ಮ ಮಗನ ಹೆಸರು?"

ಪ್ರಮಾಣಕ್ಕೆ ಎತ್ತಿದ ಕೈಯನ್ನು ಹೇಗರ್ ಇನ್ನೂ ಇಳಿಸಿರಲಿಲ್ಲ.

"ಐಸಾಕ್ ಹ್ಯಾಡಲ್. ಬರ್ಕೊಳಿ. ಅದು ಒಡೆಯ ಬರೆದ ಹೆಸರು, ನಿಮ್ಮ ಸೈನ್ಯದೋರೂ ಅದನ್ನೇ ಬರೆದ್ರು. ನಾನು ಹೆತ್ತು ಇಟ್ಟ ಹೆಸರು ಮಿಂಗೋ. ಅವರಪ್ಪನಿಂದ ಬಂದಿದ್ದು ರಿವರ್ಸ್. ಅದನ್ನೂ ಬರೀರಿ. ಬರೆಯೋವರೆಗೂ ನಾನು ಈ ಬೆಂಚು ಬಿಟ್ಟು ಏಳಲ್ಲ."

"ಎರಡೂ ಬರೀಲೇಬೇಕಮ್ಮ," ಎಂದ ಅಧಿಕಾರಿ. "ಇದನ್ನ ಮೊದಲೇ ಹೇಳಿದ್ರೆ ಇಷ್ಟು ದಿನ ಆಗ್ತಿರಲಿಲ್ಲ."

ಗೀಟು ಹಾಕುವ ಮೊದಲು ಹೇಗರ್ ಮೊಮ್ಮಗಳನ್ನು ಕರೆದು ಓದಿಸಿದಳು. ಡೋಸಿಯಾ ಎರಡೂ ಹೆಸರನ್ನು ಗಟ್ಟಿಯಾಗಿ ಓದಿದಳು. ಮುದುಕಿ ಅಳುತ್ತಲೇ ಗೀಟು ಹಾಕಿದಳು.

ಕ್ರಿಸ್ಮಸ್‌ಗೆ ಮೂರು ವಾರ ಇರುವಾಗ ಮಂಜೂರಾತಿ ಬಂತು. ಬೈನಾಗೆ ತಿಂಗಳಿಗೆ ಎಂಟು ಡಾಲರ್, ಡೋಸಿಯಾಗೆ ಹದಿನಾರು ತುಂಬುವವರೆಗೆ ಎರಡು. ನಮ್ಮ ಹುಡುಗಿಗೆ ಬಿಡುವಿಲ್ಲ ಎಂದು ಬೈನಾ ಸವಾನಾದ ಮನೆಯಾಕೆಗೆ ಹೇಳಿ ಕಳಿಸಿದಳು.

ಅಕ್ಕಂದಿರೇ, ಅವ್ವಂದಿರೇ, ನಿಮ್ಮಲ್ಲಿ ಎಷ್ಟೋ ಜನರ ಗಂಡಂದಿರು ನೀಲಿ ಅಂಗಿ ತೊಟ್ಟು ಹೋದವರು ಬರಲಿಲ್ಲ. ಪೊರಕೆ ಮದುವೆ ಎಂದು ನಾಚಬೇಡಿ, ಅದನ್ನು ಕಂಡವರು ಬದುಕಿರುವಾಗಲೇ ಕರೆದುಕೊಂಡು ಹೋಗಿ. ತಾರೀಖು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಯಾವ ಬೆಳೆ ಇತ್ತು, ಯಾವ ತೋಪು ಹಾರಿತ್ತು ಎಂದು ಹೇಳಿ. ಓದಿಸಿ ಕೇಳದೆ ಯಾವ ಕಾಗದಕ್ಕೂ ಗೀಟು ಹಾಕಬೇಡಿ. ನಿಮ್ಮ ಗಂಡನನ್ನು ಎಷ್ಟು ಹೆಸರಿಂದ ಕರೆಯುತ್ತಿದ್ದರೋ ಅಷ್ಟನ್ನೂ ಹೇಳಿ, ನಾಲಿಗೆ ಸುಡುವ ಹೆಸರನ್ನೂ ಹೇಳಿ. ಹೇಗರ್‌ಗಿಂತ ಹೆಚ್ಚು ಸುಟ್ಟುಕೊಂಡವರು ನಮ್ಮಲ್ಲಿ ಯಾರಿದ್ದಾರೆ? ಅವಳು ಹೇಳಿದಳು, ಅದಕ್ಕೇ ಅವಳ ಮೊಮ್ಮಗಳು ಇವತ್ತು ಶಾಲೆಯಲ್ಲಿದ್ದಾಳೆ. ನೀವೂ ಹೋಗಿ ಹೇಳಿ.