ಮೂರನೆಯ ನೆನಪೋಲೆ

ನೆನಪಮ್ಮನ ಕುರ್ಚಿಗೆ ಒಂದು ಚಕ್ರ ಇರಲಿಲ್ಲ. ಆ ಕಡೆಗೆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಒತ್ತುಕೊಟ್ಟು ಕೂರುತ್ತಿದ್ದಳು. ಮೆಟ್ಟಿಲ ಕೆಳಗಿನ ಕೋಣೆ. ಯಾರಾದರೂ ಮೇಲೆ ಹತ್ತಿದರೆ ತಲೆಗೆ ಸುಣ್ಣ ಉದುರುತ್ತಿತ್ತು. ಬಸುರಿ ಹೆಣ್ಣು, ಊದಿದ ಕಾಲನ್ನು ರಟ್ಟಿನ ಪೆಟ್ಟಿಗೆಯ ಮೇಲಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಕೆಲಸ ಮಾಡುತ್ತಿದ್ದಳು.

ಜೀವಕೋಶಗಳ ಗುಟ್ಟನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿ ತಿಳಿಯುವ ವಿಜ್ಞಾನದ ಪತ್ರಿಕೆ ಅದು. ವಿಜ್ಞಾನಿಗಳು ಲೇಖನ ಕಳಿಸುತ್ತಾರೆ. ಬೇರೆ ವಿಜ್ಞಾನಿಗಳು ಅದನ್ನು ಓದಿ ಸರಿಯೋ ತಪ್ಪೋ ಹೇಳುತ್ತಾರೆ. ಈ ಪರೀಕ್ಷಕರಿಗೆ ಪುಡಿಗಾಸೂ ಇಲ್ಲ. ತಡ ಮಾಡಿದರೆ ‘ಓದಿದಿರಾ?’ ಎಂದು ನೆನಪಿಸುವ ನೆನಪೋಲೆ ಮಾತ್ರ ತಪ್ಪುವುದಿಲ್ಲ. ಅದನ್ನು ಕಳಿಸುವವಳಾದ್ದರಿಂದ ಅವಳಿಗೆ ನೆನಪಮ್ಮ ಎಂಬ ಹೆಸರು ಬಿದ್ದಿತ್ತು. ಜಾಲತಾಣಕ್ಕೆ ಹೊಸ ಸಂಚಿಕೆ ಏರಿಸುವುದು, ಹಳೆಯದನ್ನು ತಿದ್ದುವುದು, ಪ್ರಧಾನ ಸಂಪಾದಕರು ಫೋನಿನಲ್ಲಿ ‘ಹ್ಞೂಂ’ ಅಂದರೆ ಅವರ ಹೆಸರಿನಲ್ಲಿ ಒಪ್ಪಿಗೆಯ ಗುಂಡಿ ಒತ್ತುವುದು, ಎಲ್ಲ ಅವಳೇ. ಸಹಿ ಮಾತ್ರ ಅವರದು.

ಅವಳು ತಾತ್ಕಾಲಿಕ. ಸತತ ಸೇವೆ ಎನಿಸದಿರಲೆಂದು ವರ್ಷಕ್ಕೊಂದು ದಿನ ಕೆಲಸದಿಂದ ತೆಗೆದು, ಮರುದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ತೆಗೆದ ದಿನವೂ ಬಂದು ಕೆಲಸ ಮಾಡಿ ಹೋಗುತ್ತಿದ್ದಳು. ಪತ್ರಿಕೆ ನಿಲ್ಲಬಾರದಲ್ಲ! ಕಾಯಂ ಆದರೆ ಹೆರಿಗೆ ರಜೆ ಸಿಗುತ್ತದೆ. ಇಲ್ಲದಿದ್ದರೆ ಹೆರಿಗೆಗೆ ಹೋದವಳು ಹೋದಳೇ.

“ಸಾರ್, ಕಾಯಂ ಮಾಡಿ ಅಂತ ಕೊಟ್ಟ ನನ್ನ ಅರ್ಜಿ...”

“ನೋಡೋಣಮ್ಮ,” ಎಂದರು ಪ್ರಧಾನರು. “ನೀನು ನಮ್ಮ ಮನೆಮಗಳಿದ್ದ ಹಾಗೆ. ಮನೆಮಗಳಿಗೆ ಯಾರಾದ್ರೂ ನೇಮಕದ ಆರ್ಡರ್ ಕೊಡ್ತಾರಾ?”

ಪಕ್ಕದ ಮೇಜಿನಲ್ಲಿ ಪುಟ ಜೋಡಿಸುವ ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಮೂಗು ಮುರಿದಳು. “ಮನೆಮಗಳಂತೆ! ಹಾಗಿದ್ರೆ ಬಾಣಂತನ ಅವರ ಮನೇಲೇ ಆಗ್ಲಿ. ಗಂಟುಮೂಟೆ ಕಟ್ಟು. ಮಗು ಅತ್ತಾಗ ಅವರೇ ಎತ್ಕೊಂಡು ತಿರುಗ್ಲಿ.”

ಆ ವಾರವೇ ಪತ್ರಿಕೆಯ ವ್ಯವಸ್ಥೆಯನ್ನು ಹೊಸದು ಮಾಡಿದರು. ಇನ್ನು ನೆನಪೋಲೆಗಳು ತಾವಾಗಿಯೇ ಹೋಗುತ್ತವೆ. ನಿಯಮಗಳನ್ನು ಪ್ರಧಾನರೇ ಹೇಳಿ ಬರೆಸಿದರು. ಮೊದಲ ಓಲೆ ಮೆತ್ತಗಿರಲಿ. ಎರಡನೆಯದು ಬಿಗಿಯಾಗಿರಲಿ. ಮೂರನೆಯದು ಲೇಖನದ ಸಮೇತ ಪತ್ರಿಕೆಯ ಎಲ್ಲ ಪರೀಕ್ಷಕರಿಗೂ ಹೋಗಲಿ. “ನಾಲ್ಕು ಜನರ ಮುಂದೆ ಮಾನ ಹೋದ್ರೆ ತಾನಾಗಿ ಓದ್ತಾರೆ.” ಒಮ್ಮೆ ಬಂದ ಲೇಖನವನ್ನು ತೀರ್ಮಾನವಾಗದೆ ತೆಗೆಯುವಂತಿಲ್ಲ, ಕಾರಣ ಬರೆಯದೆ ತಿರಸ್ಕರಿಸುವಂತಿಲ್ಲ ಎಂದೂ ಬರೆಸಿದರು.

“ಒಂದು ಲೇಖನ ಹಾಕಿ ಪರೀಕ್ಷೆ ಮಾಡಿ ನೋಡು.”

“ಯಾವುದು ಸಾರ್?”

“ಯಾವುದಾದ್ರೂ ಹಾಕಮ್ಮ!”

ನೆನಪಮ್ಮ ಹಾಕಿದಳು. ಲೇಖಕಿ ಅವಳೇ. ಪರೀಕ್ಷಕರು, ಪ್ರಧಾನ ಸಂಪಾದಕರು. ಶೀರ್ಷಿಕೆ, ‘ತಾತ್ಕಾಲಿಕ ವಾತಾವರಣದಲ್ಲಿ ಒಂದು ಜೀವಕೋಶ ಎರಡಾಗುವ ಬಗೆ’. ಕೆಳಗೆ ಬರೆದಳು: ‘ಈ ಜೀವಕೋಶ ವರ್ಷಕ್ಕೊಂದು ದಿನ ಸತ್ತಿದೆ ಎಂದು ದಾಖಲಿಸಲಾಗುತ್ತದೆ. ಆ ದಿನವೂ ಅದು ಕೆಲಸ ಮಾಡುವುದು ಕಂಡುಬಂದಿದೆ. ಈಗ ಅದು ಎರಡಾಗುತ್ತಿದೆ. ಕಾಯಂ ವಾತಾವರಣ ಸಿಗದಿದ್ದರೆ ಏನಾಗುತ್ತದೆಂದು ತಿಳಿಯಲು ಕಂಪ್ಯೂಟರು ಬೇಕಿಲ್ಲ.’ ಕೊನೆಯಲ್ಲಿ ತನ್ನ ಅರ್ಜಿಯನ್ನೂ ಲಗತ್ತಿಸಿದಳು.

ಹಿಂದಿನಿಂದ ಇಣುಕಿದ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಏ ಕಳ್ಳಿ! ಕೆಲಸ ಹೋದ್ರೆ?”

“ಕೊಟ್ಟೇ ಇಲ್ಲದ ಕೆಲಸ ಹೋಗೋದೆಲ್ಲಿಗೆ ಅಕ್ಕಾ?”

ಹೊಟ್ಟೆಯೊಳಗೆ ಮಗು ಒದೆಯಿತು. ಗುಂಡಿ ಒತ್ತಿಬಿಟ್ಟಳು.

ಮೊದಲ ಓಲೆ ಪ್ರಧಾನರಿಗೆ ಹೋಯಿತು. ವಾರ ಬಿಟ್ಟು ಎರಡನೆಯದು ಹೋಯಿತು. ಅವರಿಗೆ ಬಂದ ಓಲೆಗಳನ್ನು ತೆರೆದು ಓದುತ್ತಿದ್ದವಳೂ ನೆನಪಮ್ಮನೇ. ಇವೆರಡನ್ನು ಮಾತ್ರ ಅವಳು ತೆರೆಯಲಿಲ್ಲ.

ಮೂರನೆಯದು ಎಲ್ಲ ಪರೀಕ್ಷಕರಿಗೂ ಹೋಯಿತು.

ಬೇರೆ ಲೇಖನಕ್ಕೆ ತಿಂಗಳುಗಟ್ಟಲೆ ಉಸಿರೆತ್ತದವರು ಅಂದು ಊಟದ ಹೊತ್ತಿಗೇ ಉತ್ತರಿಸತೊಡಗಿದರು. ‘ಒಪ್ಪಿಗೆ. ಒಂದಕ್ಷರವನ್ನೂ ತಿದ್ದಬೇಕಿಲ್ಲ,’ ಎಂದು ಒಬ್ಬರು ಬರೆದರು. ‘ನನ್ನ ಪ್ರಯೋಗಾಲಯದಲ್ಲೂ ಇದೇ ಫಲಿತಾಂಶ. ಇಂಥ ಜೀವಕೋಶಗಳು ಇಲ್ಲಿ ಕೋಣೆ ತುಂಬ ಇವೆ. ನಾನೂ ಒಂದು,’ ಎಂದು ಇನ್ನೊಬ್ಬರು. ಮತ್ತೊಬ್ಬಾಕೆ ಬರೆದದ್ದು ಒಂದೇ ಸಾಲು: ‘ಇದು ತೀರ್ಮಾನವಾಗುವವರೆಗೆ ನಾನು ಬೇರಾವ ಲೇಖನವನ್ನೂ ಓದುವುದಿಲ್ಲ.’ ಆಮೇಲೆ ಬಂದವರೆಲ್ಲ ಆ ಸಾಲನ್ನೇ ಎತ್ತಿ ತಮ್ಮ ಹೆಸರು ಹಾಕಿ ಕಳಿಸಿದರು.

ಪ್ರಧಾನರು ಮೊದಲ ಬಾರಿಗೆ ಮೆಟ್ಟಿಲ ಕೆಳಗಿನ ಕೋಣೆಗೆ ಬಂದರು. ಬಗ್ಗಬೇಕೆಂದು ಗೊತ್ತಿರಲಿಲ್ಲ. ತಲೆ ಬಡಿಯಿತು.

“ಏನಮ್ಮ ಇದು? ತೆಗಿ ಮೊದಲು!”

“ತೆಗೆಯೋಕೆ ಬರಲ್ಲ ಸಾರ್. ನೀವೇ ಬರೆಸಿದ ನಿಯಮ.”

“ಹಾಗಾದ್ರೆ ತಿರಸ್ಕರಿಸು!”

“ನನ್ನ ಲೇಖನಕ್ಕೆ ನಾನೇ ತೀರ್ಮಾನ ಕೊಡೋದಾ? ಪತ್ರಿಕೆ ಮರ್ಯಾದೆ ಏನಾಗ್ಬೇಕು ಸಾರ್! ನೀವೇ ಒತ್ತಿ. ತಿರಸ್ಕರಿಸೋದಾದ್ರೆ ಕಾರಣ ಬರೀರಿ. ಅದು ಎಲ್ಲರಿಗೂ ಹೋಗುತ್ತೆ.”

ಅವಳು ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಪ್ರಧಾನರು ಕೂತರು. ಕುರ್ಚಿ ವಾಲಿತು.

“ಹುಷಾರು ಸಾರ್. ಆ ಕಡೆ ಚಕ್ರ ಇಲ್ಲ.”

ಅವರು ಮೇಜು ಹಿಡಿದುಕೊಂಡರು. ಪರದೆ ಪಾಸ್‌ವರ್ಡ್ ಕೇಳಿತು.

“ಪಾಸ್‌ವರ್ಡ್ ಏನು?”

“ನಿಮ್ಮದು ಸಾರ್.”

“ಅದೇ ಕಣಮ್ಮ, ನನ್ನದು ಏನು?”

ನೆನಪಮ್ಮ ಹೇಳಿದಳು. ಅವರು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರು. ಎರಡು ಗುಂಡಿಗಳು ಮೂಡಿದವು. ಒಪ್ಪಿಗೆ. ತಿರಸ್ಕಾರ. ಬೆರಳು ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ಇನ್ನೊಬ್ಬ ಪರೀಕ್ಷಕರ ಉತ್ತರ ಟಿಣ್ ಎಂದು ಬಂತು.

ಪುಟ ಜೋಡಿಸುವ ಅಕ್ಕ ತನ್ನ ಕುರ್ಚಿಯನ್ನು ಎಳೆದು ತಂದಳು. ನೆನಪಮ್ಮ ಕೂತು, ಊದಿದ ಕಾಲನ್ನು ರಟ್ಟಿನ ಪೆಟ್ಟಿಗೆಯ ಮೇಲೆ ಚಾಚಿದಳು.

“ನಿಧಾನವಾಗಿ ಯೋಚಿಸಿ ಸಾರ್,” ಅಂದಳು. “ತಡವಾದ್ರೆ ನೆನಪೋಲೆ ಬರುತ್ತೆ.”